ಐದು ಅಂಕದ ಒಡಪು

ಕೇಳಬಹುದೇ, ಬೇಡವೇ? ಕೇಳಿದರೆ ಅದು ವಿದ್ಯಾರ್ಥಿಗಳಿಗೆ ಕೇಳಿದ ಪ್ರಶ್ನೆಯಾಗುತ್ತದೋ, ತನಗೆ ತಾನೇ ಕೇಳಿಕೊಂಡದ್ದಾಗುತ್ತದೋ? ‘ಮಧ್ಯಯುಗದ ಪ್ರೇಮಕವಿ ತಾನು ಪ್ರೀತಿಸಿದವಳ ಹೆಸರನ್ನು ಏಕೆ ಹೇಳುವುದಿಲ್ಲ?’ ಐದು ಅಂಕ. ಮುತ್ತುರಾಜ ಬೆಳಿಗ್ಗೆಯಿಂದ ಈ ಸಾಲನ್ನು ಹೊಡೆದು ಹಾಕುವುದು, ಮತ್ತೆ ಬರೆಯುವುದು ಮಾಡುತ್ತಲೇ ಇದ್ದ. ಹೊಡೆದು ಹಾಕಿದಾಗ ತಾನು ಹೇಡಿ ಅನ್ನಿಸುತ್ತಿತ್ತು. ಬರೆದಾಗ ತಾನು ನಾಟಕದವನು ಅನ್ನಿಸುತ್ತಿತ್ತು. ಕೊನೆಗೆ ಇಂಥ ಹೊತ್ತಿನಲ್ಲಿ ಯಾವಾಗಲೂ ಮಾಡುವುದನ್ನೇ ಮಾಡಿದ: ಪೆನ್ನಿಗೆ ಮುಚ್ಚಳ ಹಾಕಿ ಕಿಟಕಿಯ ಆಚೆ ನೋಡಿದ.

ಆಚೆ ಇಳಕಲ್ಲು ತನ್ನ ಪಾಡಿಗೆ ತಾನು ನೇಯುತ್ತಿತ್ತು. ಕಾಲೇಜಿನ ಹಿಂದಿನ ಓಣಿಯಿಂದ ಪವರ್‌ಲೂಮಿನ ಸದ್ದು ಬಿಡದೆ ಬರುತ್ತಿತ್ತು. ಈ ಸದ್ದಿನ ನಡುವೆಯೇ ಅವನು ಒಂದು ವರ್ಷದಿಂದ ಮೌನದ ಬಗ್ಗೆ ಪಾಠ ಮಾಡುತ್ತಿದ್ದ.

ಮೌನ ಅವನ ವಿಶೇಷ ಅಧ್ಯಯನದ ವಿಷಯ. ಎಂ.ಎ.ಯಲ್ಲಿ ಅವನು ಬರೆದ ಪ್ರಬಂಧವೂ ಯುರೋಪಿನ ಹಳೆಯ ಪ್ರೇಮಕಾವ್ಯದಲ್ಲಿ ಹೇಳದೆ ಉಳಿದ ಮಾತುಗಳ ಬಗ್ಗೆಯೇ ಇತ್ತು. ಅದನ್ನು ಓದಿದ ಮಾರ್ಗದರ್ಶಕರು, “ಛಲೋ ಐತಿ. ಆದ್ರ ನೀನೂ ಏನೂ ಹೇಳಿಲ್ಲಲ್ಲೋ,” ಅಂದಿದ್ದರು. ಅದನ್ನು ಅವನು ಹೊಗಳಿಕೆ ಎಂದುಕೊಂಡು ಕೆಲವು ತಿಂಗಳು ಸಂತೋಷವಾಗಿದ್ದ. ಮೌನದಲ್ಲಿ ಆಳವಿದೆ ಎಂಬುದು ಅವನ ನಂಬಿಕೆ. ಬತ್ತಿದ ಬಾವಿಯಲ್ಲೂ ಆಳವಿರುತ್ತದೆ ಎಂಬುದು ಅವನಿಗೆ ಹೊಳೆದದ್ದು ಇತ್ತೀಚೆಗೆ.

ಈಗ ಅವನು ಇಲ್ಲಿ ಇಂಗ್ಲಿಷಿನ ಅತಿಥಿ ಉಪನ್ಯಾಸಕ. ದಿನಾ ಹುನಗುಂದದಿಂದ ಬೆಳಗಿನ ಬಸ್ಸಿಗೆ ಬರುತ್ತಾನೆ, ಸಂಜೆಯ ಬಸ್ಸಿಗೆ ಹೋಗುತ್ತಾನೆ. ಮಧ್ಯಯುಗದ ಯುರೋಪಿನ ಸಾಹಿತ್ಯವೆಂಬ ಐಚ್ಛಿಕ ಪತ್ರಿಕೆಗೆ ಬೆರಳೆಣಿಕೆಯ ವಿದ್ಯಾರ್ಥಿಗಳು ಸೇರಿದ್ದರು. ತನ್ನ ಪಾಠದ ಆಕರ್ಷಣೆಯೇ ಕಾರಣವೆಂದು ಅವನು ತಿಳಿದಿದ್ದ. ಆಮೇಲೆ ಗೊತ್ತಾಯಿತು, ಇನ್ನೊಂದು ಐಚ್ಛಿಕ ಪತ್ರಿಕೆಯ ತರಗತಿ ಮಧ್ಯಾಹ್ನಕ್ಕಿತ್ತು. ಅದಕ್ಕೆ ಕೂತರೆ ಹಳ್ಳಿಯ ಹುಡುಗರಿಗೆ ಊರಿನ ಬಸ್ಸು ತಪ್ಪುತ್ತಿತ್ತು.

ಇವತ್ತು ಅವರ ಮೌಖಿಕ ಪರೀಕ್ಷೆ. ಇಬ್ಬರು ಪರೀಕ್ಷಕರು ಇರಬೇಕೆಂಬುದು ನಿಯಮ. ಇಂಗ್ಲಿಷ್ ವಿಭಾಗದ ಇನ್ನೊಬ್ಬರು ರಜೆಯಲ್ಲಿದ್ದುದರಿಂದ ಪ್ರಾಚಾರ್ಯರು ಕನ್ನಡ ವಿಭಾಗದ ಮಹಾನಂದಾಳನ್ನು ಕಳಿಸಿದ್ದರು. ಆ ಪ್ರಶ್ನೆಯ ಬಗ್ಗೆ ಮುತ್ತುರಾಜನಿಗೆ ಇಷ್ಟು ಹೊಯ್ದಾಟವಾಗಲು ಅದೇ ಕಾರಣ. ಅವನು ಒಂದು ವರ್ಷದಿಂದ ಯಾರ ಹೆಸರನ್ನು ಹೇಳದೆ ಇಟ್ಟುಕೊಂಡಿದ್ದನೋ ಅವಳೇ ಈಗ ಪಕ್ಕದ ಕುರ್ಚಿಯಲ್ಲಿ ಕೂತು ಅಂಕಪಟ್ಟಿಗೆ ಗೆರೆ ಹಾಕುತ್ತಿದ್ದಳು.

“ಸರ್, ಒಂದ್ ಮಾತು ಕೇಳ್ಲ್ಯಾ?” ಅಂದಳು ಅವಳು, ಗೆರೆಯಿಂದ ಕಣ್ಣೆತ್ತದೆ.

“ಕೇಳ್ರಿ ಮೇಡಂ.”

“ಐತವಾರ ಬಾಗಲಕೋಟಿಯಿಂದ ನನ್ನ ನೋಡಾಕ ಬರ್ತೇವಿ ಅಂದಾರ. ಬರ್ರಿ ಅನ್ಲ್ಯೋ ಬ್ಯಾಡ ಅನ್ಲ್ಯೋ ಅಂತ ಅಪ್ಪ ಕೇಳ್ಯಾನ. ಪರೀಕ್ಷೆ ಮುಗದ ಮ್ಯಾಲ ಫೋನ್ ಮಾಡಿ ಹೇಳ್ತೇನಿ ಅಂದೇನಿ.”

“ಹುಡುಗ ಏನ್ ಮಾಡ್ತಾರ್ರಿ?”

“ಎಂಜಿನಿಯರ್. ಮರೋಳದ ಏತ ನೀರಾವರಿ ಕೆಲಸದಾಗೂ ಇದ್ರಂತ.” ಅವಳು ಅಳತೆಪಟ್ಟಿಯನ್ನು ಕೆಳಗಿಟ್ಟಳು. “ನೀವೇನಂತೀರಿ?”

ಅವನು ಒಂದು ವರ್ಷ ಕಾದದ್ದು ಈ ಪ್ರಶ್ನೆಗೇ. ಉತ್ತರವೂ ಅವನಲ್ಲಿತ್ತು.

“ಬಾಗಲಕೋಟಿ ನವನಗರದಾಗ ರಸ್ತೆ ಭಾಳ ಅಗಲ ಅದಾವ್ರಿ,” ಅಂದ.

ಮಹಾನಂದಾ ಅವನನ್ನು ಸ್ವಲ್ಪ ಹೊತ್ತು ನೋಡಿದಳು. “ರಸ್ತೆ ಜೋಡಿ ಲಗ್ನಾ ಆಗಂಗಿಲ್ರಿ ಸರ್,” ಅಂದು ಮತ್ತೆ ಗೆರೆ ಹಾಕತೊಡಗಿದಳು.

ಮುತ್ತುರಾಜನಿಗೆ ತನ್ನ ನಾಲಿಗೆಯ ಮೇಲೆ ಗೌರವವೇ ಹೋಯಿತು. ಅಲ್ಲೊಬ್ಬ ಹೊಳೆಯ ನೀರನ್ನು ದಿನ್ನೆಗೆ ಏರಿಸುತ್ತಾನೆ. ತನಗೆ ಎದೆಯಲ್ಲಿದ್ದ ಒಂದು ಮಾತನ್ನು ಗಂಟಲಿನವರೆಗೆ ಏರಿಸಲಾಗುತ್ತಿಲ್ಲ. ಅವನು ಪಾಠ ಮಾಡುವ ಕಥೆಗಳಲ್ಲಿ ವೀರನಿಗೂ ಪ್ರೇಯಸಿಗೂ ನಡುವೆ ಒಂದು ಕೋಟೆ, ಒಂದು ಕಂದಕ, ಬೆಂಕಿಯುಗುಳುವ ಒಂದು ಪ್ರಾಣಿಯಾದರೂ ಇರುತ್ತಿತ್ತು. ಇಲ್ಲಿ ಅದೂ ಇರಲಿಲ್ಲ. ಅವಳ ಅಪ್ಪ ಶಿವಸಂಗಪ್ಪ, ಸೀರೆಯ ವ್ಯಾಪಾರಿ, ಎದುರು ಸಿಕ್ಕಾಗಲೆಲ್ಲ ಚಹಾ ಕುಡಿಸುವ ಮನುಷ್ಯ. ಎರಡೂ ಮನೆತನಗಳ ನಡುವೆ ಹಿಂದೆ ಕೊಟ್ಟು ತಂದ ಸಂಬಂಧವೂ ಉಂಟು. ತಾಯಿ ಗುರುಸಿದ್ದವ್ವನಂತೂ ರೊಟ್ಟಿ ಬಡಿಯುವಾಗ ಪ್ರತಿ ಸಲ ಕೇಳುತ್ತಿದ್ದಳು, “ಯಾರರ ಮನಸಿನ್ಯಾಗ ಇದ್ರ ಹೇಳೋ ಮಾರಾಯಾ, ನಾನ ಹೋಗಿ ಕೇಳಿ ಬರ್ತೇನಿ.” ಕಂದಕ ಎಲ್ಲೂ ಇಲ್ಲದ್ದರಿಂದ ಅವನೇ ಒಂದನ್ನು ತೋಡಿಕೊಂಡು ಅದರ ದಂಡೆಯಲ್ಲಿ ಕೂತಿದ್ದ.

“ಮೊದಲನೇದವರನ್ನ ಕರೀರಿ,” ಅಂದಳು ಮಹಾನಂದಾ.

ಜುಬೇರ ಬಂದ. ಕಬಡ್ಡಿ ಆಡುವ ಹುಡುಗ, ಕುರ್ಚಿಯಲ್ಲಿ ಕೂತರೂ ಹಿಡಿಯಲು ಸಿದ್ಧನಾಗಿ ಕೂತಂತೆ ಕಾಣುತ್ತಿದ್ದ. ಅವನ ಉತ್ತರಗಳು ಇಂಗ್ಲಿಷಿನಲ್ಲಿ ಶುರುವಾಗಿ ಎರಡನೇ ವಾಕ್ಯಕ್ಕೆ ಮನೆಗೆ ಮರಳುತ್ತಿದ್ದವು.

“ಕುದುರೆ ಏರಿದ ವೀರ ಮನೆ ಬಿಟ್ಟು ಯಾಕೆ ಹೊರಡ್ತಾನೆ?” ಎಂದು ಮುತ್ತುರಾಜ ಕೇಳಿದ. ಅವನು ಬಯಸಿದ ಉತ್ತರದಲ್ಲಿ ಆದರ್ಶ, ಆತ್ಮಶೋಧನೆ ಎಂಬ ಪದಗಳಿದ್ದವು.

“ಮನ್ಯಾಗ ಕುಂತ್ರ ಕಥಿ ಆಗಂಗಿಲ್ರಿ ಸರ್ರ,” ಅಂದ ಜುಬೇರ.

“ಅಷ್ಟೇನಾ?”

“ಅಷ್ಟ ರೀ. ಅಂವ ಹೊಂಟ್ರ ಸೋಲ್ತಾನ ಇಲ್ಲಾ ಗೆಲ್ತಾನ. ಹೊರಡಲಿಲ್ಲಂದ್ರ ಯಾರ ಕೇಳ್ತಾರ ಅವನ್ನ?”

ಮಹಾನಂದಾ ತಲೆ ಬಗ್ಗಿಸಿ ಐದಕ್ಕೆ ಐದು ಬರೆದಳು. ತನ್ನನ್ನು ಕೇಳದೆ ಬರೆದಳಲ್ಲ ಎಂದು ಮುತ್ತುರಾಜನಿಗೆ ಅನ್ನಿಸಿತು, ಆದರೆ ಅದನ್ನೂ ಹೇಳಲಿಲ್ಲ.

ಆಮೇಲೆ ಕಾಶಪ್ಪ. ಯಾತ್ರೆಗೆ ಹೊರಟ ಜನ ದಾರಿಯಲ್ಲಿ ಕಥೆ ಹೇಳುವ ಪದ್ಧತಿ ಯಾಕೆ ಬಂತು ಎಂಬುದು ಅವನಿಗೆ ಕೇಳಿದ ಪ್ರಶ್ನೆ. ಮುತ್ತುರಾಜ ಅದಕ್ಕೆ ‘ಸಮಾಜದ ಅಡ್ಡಸೀಳು’, ಅಂದರೆ ಎಲ್ಲ ವರ್ಗದ ಜನರನ್ನು ಒಟ್ಟಿಗೆ ತೋರಿಸುವುದು, ಎಂಬ ಉತ್ತರವನ್ನು ತರಗತಿಯಲ್ಲಿ ಎರಡು ಗಂಟೆ ಕೊಟ್ಟಿದ್ದ.

“ನಾ ಶ್ರೀಶೈಲಕ್ಕ ನಡಕೊಂಡು ಹೋಗೇನ್ರಿ ಸರ್ರ,” ಅಂದ ಕಾಶಪ್ಪ. “ಕಾಲು ಭಾಳ ನೋಯ್ತಾವು, ಬಾಯಿ ಖಾಲಿ ಇರತೈತಿ. ಕಾಲಿಂದು ಮರೀಲಿ ಅಂತ ಬಾಯಿಗೆ ಕೆಲಸಾ ಕೊಡ್ತೇವಿ. ಯುರೋಪಿನ್ಯಾಗೂ ಕಾಲು ನೋಯ್ತಿದ್ವು ಕಾಣಸ್ತೈತಿ.”

“ಸಮಾಜದ ಅಡ್ಡಸೀಳು?” ಎಂದು ಮುತ್ತುರಾಜ ನೆನಪು ಮಾಡಿಕೊಟ್ಟ.

“ಅದು ಕಾಲಿನ ಹಿಂಬಡಕ್ಕ ಆಗತೈತ್ರಿ, ನಡದು ನಡದು.”

ಮಹಾನಂದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಒಂದು ವರ್ಷ ತಾನು ಮಾಡಿದ ಪಾಠದ ಫಲ ಇದು ಎಂದು ಮುತ್ತುರಾಜ ಲೆಕ್ಕ ಹಾಕಿದ. ಇಷ್ಟಾಗಿಯೂ ಇವರಿಗೆ ಸಾಹಿತ್ಯ ತಿಳಿದಿತ್ತು. ಅದರಲ್ಲಿ ತನ್ನ ಪಾಲು ಎಷ್ಟು ಎಂಬುದೊಂದೇ ಅನುಮಾನ.

ಕೊನೆಯವಳು ಭುವನೇಶ್ವರಿ. ಅವಳ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ, ಕೈತುಂಬ ಹಸಿರು ಬಳೆ. ಮುತ್ತುರಾಜ ಹಾಳೆ ನೋಡಿದ. ಹೊಡೆದು ಹಾಕಿದ ಸಾಲಿನ ಕೆಳಗೆ ಮತ್ತೆ ಬರೆದ ಸಾಲು. ಕೇಳುವುದು ಬೇಡ ಎಂದು ತೀರ್ಮಾನಿಸಿದ ಹೊತ್ತಿಗೆ ಮಹಾನಂದಾ ಆ ಹಾಳೆಯನ್ನು ತನ್ನ ಕಡೆ ಎಳೆದುಕೊಂಡು ತಾನೇ ಓದಿದಳು. “ಪ್ರೇಮಕವಿ ತಾನು ಪ್ರೀತಿಸಿದಾಕಿ ಹೆಸರು ಯಾಕ ಹೇಳಂಗಿಲ್ಲ? ಹೇಳವಾ.”

ಭುವನೇಶ್ವರಿ ಯೋಚಿಸಿದಳು. “ನಮ್ಮಾಗೂ ಗಂಡನ ಹೆಸರು ಸುಮ್ಮ ಸುಮ್ಮನ ಹೇಳಂಗಿಲ್ಲಲ್ರಿ ಮೇಡಂ. ಹೊಸದಾಗಿ ಲಗ್ನಾ ಆದವ್ರು ಮನಿ ಹೊಕ್ಕೂಮುಂದ ನಾದಿನ್ಯಾರು ಬಾಗಲಾ ತಡೀತಾರ. ಒಡಪು ಕಟ್ಟಿ, ಅದರಾಗ ಹೆಸರು ಇಟ್ಟು ಹೇಳಿದ್ರನ ಒಳಗ ಬಿಡ್ತಾರ. ಗಂಡಸ್ರಿಗೂ ಬಿಡಂಗಿಲ್ಲ, ಹೇಂತಿ ಹೆಸರು ಹೇಳಸ್ತಾರ. ಹಂಗ ಆ ಕವಿಗೂ ಹೆಸರು ಗೊತ್ತಿತ್ತು. ಬಾಗಲಾ ತಡದು ಕೇಳೋರು ಇರಲಿಲ್ಲ, ಅದಕ್ಕ ಹೇಳಲಿಲ್ಲ.”

ಹಿಂದಿನ ಓಣಿಯ ಮಗ್ಗ ಮಾತ್ರ ಬಡಿಯುತ್ತಿತ್ತು. ಮುತ್ತುರಾಜನ ಪ್ರಬಂಧದಲ್ಲಿ ಈ ವಿಷಯಕ್ಕೆ ಒಂದು ಇಡೀ ಅಧ್ಯಾಯವಿತ್ತು. ಅದರಲ್ಲಿ ಬಾಗಿಲು ಎಲ್ಲೂ ಬಂದಿರಲಿಲ್ಲ.

“ಉದಾಹರಣೆ?” ಅಂದಳು ಮಹಾನಂದಾ.

ಭುವನೇಶ್ವರಿ ನಾಚಿ, ಬಾಗಿಲಲ್ಲಿ ಇಣುಕುತ್ತಿದ್ದ ಜುಬೇರ ಮತ್ತು ಕಾಶಪ್ಪನ ಕಡೆ ಒಂದು ಸಲ ನೋಡಿ, ಒಂದೇ ಉಸಿರಿಗೆ ಹೇಳಿದಳು:

“ಗುಳೇದಗುಡ್ಡದ ಖಣಕ್ಕ ಇಳಕಲ್ಲ ಸೀರಿ ಜೋಡಿ,
ಸುನೀಲಕುಮಾರರು ಕಾಯ್ತಾರ ಹೊರಗ ನಿಲ್ಲಿಸಿ ಗಾಡಿ.”

“ಖರೇನ ಕಾಯಾಕತ್ತಾರ್ರಿ ಮೇಡಂ, ಬೇವಿನ ಗಿಡದ ಕೆಳಗ,” ಎಂದು ಕಾಶಪ್ಪ ವರದಿ ಕೊಟ್ಟ. ಎಲ್ಲರೂ ನಕ್ಕರು. ಪರೀಕ್ಷೆ ಅಲ್ಲಿಗೆ ಮುಗಿದ ಹಾಗಾಯಿತು. ಹುಡುಗರು ಒಳಗೇ ಬಂದುಬಿಟ್ಟರು.

“ಸರ್ರ, ನೀವೂ ಒಂದು ಒಡಪು ಹಾಕ್ರಲಾ,” ಅಂದ ಜುಬೇರ. “ವರ್ಷಪೂರ್ತಿ ನಮಗ ಪ್ರಶ್ನೆ ಕೇಳೀರಿ.”

ಮುತ್ತುರಾಜ ಹಾಳೆಗಳನ್ನು ಜೋಡಿಸಿಕೊಂಡು ಎದ್ದ. ಆದರೆ ಅವನಿಗಿಂತ ಮೊದಲೇ ಮಹಾನಂದಾ ಎದ್ದು ಹೋಗಿ ಬಾಗಿಲಲ್ಲಿ ನಿಂತಿದ್ದಳು, ಎರಡೂ ಕೈಗಳನ್ನು ಚೌಕಟ್ಟಿಗೆ ಹಚ್ಚಿ.

“ಪರೀಕ್ಷಾ ತಗೊಂಡವ್ರಿಗೂ ಒಂದು ಪರೀಕ್ಷಾ,” ಅಂದಳು. “ಒಡಪು ಹಾಕದ ಬಿಡಂಗಿಲ್ರಿ.”

“ನನ್ನ ಲಗ್ನಾ ಆಗಿಲ್ಲಲ್ರಿ ಮೇಡಂ. ಯಾರ ಹೆಸರು ಹೇಳ್ಲಿ?”

“ಅದು ನನಗೇನ ಗೊತ್ತು. ಹೆಸರು ಇಲ್ಲದವ್ರಿಗೆ ಒಡಪು ಹುಟ್ಟಂಗಿಲ್ಲ. ಇದ್ದವ್ರು ಹೇಳ್ತಾರ.”

ಅವಳು ನಗುತ್ತಿದ್ದಳು, ಆದರೆ ಕೈಗಳು ಚೌಕಟ್ಟನ್ನು ಗಟ್ಟಿಯಾಗಿ ಹಿಡಿದಿದ್ದವು. ಇದು ಆಟವಲ್ಲವೆಂದು ಮುತ್ತುರಾಜನಿಗೆ ತಿಳಿಯಿತು. ಅವನು ತಿಳಿಯುವುದರಲ್ಲಿ ಯಾವತ್ತೂ ಹಿಂದೆ ಬಿದ್ದವನಲ್ಲ.

ಒಡಪು ಅವನಲ್ಲಿತ್ತು. ಬೆಳಗಿನ ಬಸ್ಸಿನಲ್ಲಿ ಅದು ತಾನಾಗಿ ಕಟ್ಟಿಕೊಂಡಿತ್ತು. ಎಷ್ಟೋ ಸಲ ಕಂಡಕ್ಟರ್ ಟಿಕೆಟ್ ಕೇಳಿದಾಗ ತುಟಿಯವರೆಗೆ ಬಂದದ್ದನ್ನು ನುಂಗಿ ಇಳಕಲ್ಲು ಎಂದಿದ್ದ. ಅವನು ಗಂಟಲು ಸರಿಮಾಡಿಕೊಂಡ.

“ಹುನಗುಂದದ ಬಸ್ಸಿನಾಗ ಕಿಡಕಿ ಸೀಟಿನ ಆನಂದ,” ಅಂದ.

“ವಾಹ್ ಸರ್ರ,” ಅಂದ ಜುಬೇರ.

“ಇಳಕಲ್ಲ ಬರೂತನಾ ನೆನಪಿಗೆ ಬರೋದು…”

ಅಲ್ಲಿ ನಿಂತ. ಇನ್ನು ಒಂದೇ ಪದ ಬೇಕಿತ್ತು, ಮೊದಲ ಸಾಲು ಅದನ್ನು ಕೈಹಿಡಿದು ಬಾಗಿಲವರೆಗೆ ತಂದು ನಿಲ್ಲಿಸಿತ್ತು. ಕಾಶಪ್ಪನ ಬಾಯಿ ಅರ್ಧ ತೆರೆದಿತ್ತು. ಭುವನೇಶ್ವರಿ ಮೇಡಂ ಮುಖ ನೋಡಿ, ಸರ್ ಮುಖ ನೋಡಿ, ತನ್ನ ಬಳೆಗಳನ್ನು ನೋಡಿಕೊಂಡಳು. ಮಹಾನಂದಾಳ ನಗು ನಿಂತಿತ್ತು. ಅವಳು ಕಾಯುತ್ತಿದ್ದಳು.

ಮುತ್ತುರಾಜನಿಗೆ ಆ ಮೌನ ತುಂಬ ಸುಂದರವಾಗಿ ಕಂಡಿತು. ಅದೇ ಅವನ ರೋಗ. ಎಲ್ಲರೂ ಪದಕ್ಕಾಗಿ ಕಾಯುತ್ತಿದ್ದರೆ ಅವನು ಆ ಕಾಯುವಿಕೆಯನ್ನೇ ಸವಿಯುತ್ತ ನಿಂತ. ಎಂಥ ಅಧ್ಯಾಯ ಬರೆಯಬಹುದಿತ್ತು ಎಂದೂ ಒಂದು ಗಳಿಗೆ ಯೋಚಿಸಿದ. ಅಷ್ಟರಲ್ಲಿ ಹೆದರಿಕೆ ಬಂದು ಅವನ ಪರವಾಗಿ ಮಾತಾಡಿತು.

“…ಮಧ್ಯಯುಗದ ಯುರೋಪಿನ ಸಾಹಿತ್ಯ.”

ಹುಡುಗರು ಗೊಳ್ಳೆಂದು ನಕ್ಕರು. ಜುಬೇರ ಬೆಂಚು ಬಡಿದ. ಭುವನೇಶ್ವರಿ ನಗಲಿಲ್ಲ.

“ಪ್ರಾಸ ಕೂಡಲಿಲ್ರಿ ಸರ್,” ಅಂದಳು ಮಹಾನಂದಾ ಮೆಲ್ಲಗೆ.

ಇನ್ನೂ ಒಂದು ಅವಕಾಶವಿತ್ತು. ಅವಳ ಕೈಗಳು ಇನ್ನೂ ಚೌಕಟ್ಟಿನ ಮೇಲಿದ್ದವು. ಮುತ್ತುರಾಜ ಅದನ್ನು ಹೀಗೆ ಬಳಸಿಕೊಂಡ: “ಮಧ್ಯಯುಗದ ಇಂಗ್ಲಿಷ್ ಕಾವ್ಯದಾಗ ಅಂತ್ಯಪ್ರಾಸ ಕಡ್ಡಾಯ ಇರಲಿಲ್ರಿ ಮೇಡಂ. ಪದಗಳ ಮೊದಲನೇ ಅಕ್ಷರ ಹೊಂದಿದ್ರ ಸಾಕಿತ್ತು.”

“ಹೌದಾ,” ಅಂದಳು ಅವಳು. “ನಮ್ಮ ಕಡೆ ಕಡ್ಡಾಯ ಐತ್ರಿ. ಐದಕ್ಕ ಎರಡು.” ಮೊದಲು ಒಂದು ಕೈ ಇಳಿಸಿದಳು, ಆಮೇಲೆ ಇನ್ನೊಂದು. ಬಾಗಿಲು ತೆರವಾಯಿತು.

ಹುಡುಗರು ಬಸ್ಸಿಗೆ ಓಡಿದರು. ಬೇವಿನ ಗಿಡದ ಕೆಳಗೆ ಗಾಡಿ ಶುರುವಾದ ಸದ್ದು ಕೇಳಿಸಿತು. ಮಹಾನಂದಾ ಅಂಕಪಟ್ಟಿಗೆ ಸಹಿ ಹಾಕಿ ಅವನ ಕಡೆ ಸರಿಸಿದಳು. ಮಕ್ಕಳೆಲ್ಲರೂ ಪಾಸಾಗಿದ್ದರು. ಅವನೂ ಸಹಿ ಹಾಕಿದ, ತನ್ನ ಹೆಸರು ಬರೆಯಲು ಅವನಿಗೆ ಯಾವತ್ತೂ ತೊಂದರೆಯಾಗಿರಲಿಲ್ಲ.

ಅವಳು ಮೊಗಸಾಲೆಯಲ್ಲಿ ನಿಂತು ಫೋನ್ ಹಚ್ಚಿದಳು. ಮಗ್ಗದ ಸದ್ದಿನಲ್ಲಿ ಕೇಳಿಸಲಿ ಎಂದೋ ಏನೋ, ಸ್ವಲ್ಪ ಜೋರಾಗಿಯೇ ಮಾತಾಡಿದಳು. “ಅಪ್ಪಾ, ಪರೀಕ್ಷೆ ಮುಗೀತು. ಹೂಂ. ಐತವಾರ ಬರ್ರಿ ಅಂತ ಹೇಳು ಅವ್ರಿಗೆ.” ಫೋನನ್ನು ಚೀಲಕ್ಕೆ ಹಾಕಿ ತಿರುಗಿ ನೋಡಿದಳು. “ಬರ್ತೇನ್ರಿ ಸರ್.”

“ಹೂಂ, ಬರ್ರಿ,” ಅಂದ ಮುತ್ತುರಾಜ.

ಸಂಜೆಯ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಹುನಗುಂದದಲ್ಲಿ ಇಳಿದು ಮನೆಗೆ ಬಂದಾಗ ಗುರುಸಿದ್ದವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು, “ಹೆಂಗಾತೋ ನಿನ್ನ ಪರೀಕ್ಷಾ?”

“ಎಲ್ಲಾರೂ ಪಾಸಾದ್ರವಾ.”

“ನೀನು?”

ಅವನು ಚಪ್ಪಲಿ ಬಿಟ್ಟು, ಕಾಲು ತೊಳೆದು, ಒಳಗೆ ಬಂದು ಊಟಕ್ಕೆ ಕೂತ. ಗುರುಸಿದ್ದವ್ವ ಮತ್ತೆ ಕೇಳಲಿಲ್ಲ, ಬಿಸಿ ರೊಟ್ಟಿ ಹಾಕಿದಳು.

ಮುಂದೆ ಐತವಾರ ಬಂತು, ಬಾಗಲಕೋಟೆಯವರೂ ಬಂದರು. ಒಡಪಿನ ಕೊನೆಗೆ ಬರಬೇಕಾಗಿದ್ದ ಹೆಸರು ಮಹಾನಂದಾ ಎಂದು ಮುತ್ತುರಾಜ ಅವಳಿಗೆ ಹೇಳಲಿಲ್ಲ, ತಾಯಿಗೂ ಹೇಳಲಿಲ್ಲ.