ಗಡಿ ದಾಟದ ಪೆಟ್ಟಿಗೆ

ರಜಾಕಾರರ ಗದ್ದಲದ ವರ್ಷ ಬಸವಂತರಾಯ ಗೌಡ ಮಾದಿಗರ ಹುಸೇನಪ್ಪನಿಗೆ ಒಂದು ಮಾತು ಕೊಟ್ಟಿದ್ದ. ಮನೆಗೆ ಬೆಂಕಿ ಬಿದ್ದಾಗ ಗೌಡ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಮಾದಿಗೇರಿಗೆ ಓಡಿ ಬಂದು, ಹುಸೇನಪ್ಪನ ಗುಡಿಸಲಿನ ಹಿಂದೆ ತೊಗಲು ನೆನೆಹಾಕುವ ಬಾನಿಯ ಮರೆಯಲ್ಲಿ ಮುದುಡಿ ಕೂತಿದ್ದ. ಹುಸೇನಪ್ಪ ಅವರ ಮೇಲೆ ಹಸಿ ತೊಗಲು ಹೊದಿಸಿದ. ಹುಡುಕಿ ಬಂದವರು ನಾತಕ್ಕೆ ಮೂಗು ಮುಚ್ಚಿಕೊಂಡು ಹೊರಗಿನಿಂದಲೇ ತಿರುಗಿದರು. ಬೆಳಕು ಹರಿದಾಗ ಗೌಡ ಎದ್ದು ನಿಂತು ಕೊರಳಿನ ಲಿಂಗ ಹಿಡಿದು ಹೇಳಿದ್ದ:

“ಇವತ್ತಿನಿಂದ ನಮ್ಮ ಬಾವಿ ನೀರು ನಿಮ್ದೂ ಹೌದಲೇ ಹುಸೇನಾ. ನಿನ್ನ ಮಕ್ಕಳು ಹಳ್ಳದ ಉಸುಕು ತೋಡಿ ವರ್ತಿ ನೀರು ಕುಡಿಯೋದು ಮುಗೀತು. ಲಿಂಗ ಮುಟ್ಟಿ ಹೇಳಾಕತ್ತೀನಿ.”

ಐದು ವರ್ಷದ ಮೇಲೆ ಅದೇ ಗೌಡ ಚಾವಡಿ ಕಟ್ಟೆಯ ಮೇಲೆ ಕೂತು, ಹುಸೇನಪ್ಪನ ಕಾಲ ಬುಡಕ್ಕೆ ಎಲೆಯಡಿಕೆ ಉಗಿದು, ಡಾಕ್ಟರನಿಗೆ ಹೇಳುತ್ತಿದ್ದ:

“ಮಾಯಿಬ್ಯಾನಿ ಎಲ್ಲಿದ್ರೀ ಡಾಕ್ಟ್ರ? ಸತ್ತ ಎಮ್ಮಿ ಕಂಡ ತಿಂದಾರ, ಹೊಟ್ಟಿ ಕೆಟ್ಟು ಸತ್ತಾರ ಬೋಳಿಮಕ್ಕಳು. ತಹಶೀಲ್ದಾರ ಸಾಹೇಬ್ರಿಗೂ ಹಂಗಽ ಹೇಳಿ ಕಳಿಸೀನಿ.”

ಹುಸೇನಪ್ಪನ ಉಗುರುಗಳಲ್ಲಿ ಇನ್ನೂ ಮಣ್ಣಿತ್ತು. ಅಂದು ಬೆಳಿಗ್ಗೆ ಅವನು ಮಗನನ್ನು ಹೂತು ಬಂದಿದ್ದ. ಕೇರಿಯಲ್ಲಿ ಅದಕ್ಕೂ ಮೊದಲು ಸತ್ತವರ ಗುಣಿಗಳು ಇನ್ನೂ ಹಸಿಯಾಗಿಯೇ ಇದ್ದವು.

ಡಾಕ್ಟರ್ ಜಿಲಾನಿಸಾಬ್ ಲಿಂಗಸುಗೂರಿನ ದವಾಖಾನೆಯಿಂದ ಚಕ್ಕಡಿಯಲ್ಲಿ ಬಂದಿದ್ದ. ಹುಡುಗನ ಉಸಿರು ಇರುವಾಗಲೇ ಅವನ ಕೆಳಗೆ ಹರಿದದ್ದನ್ನು, ಅಕ್ಕಿ ತೊಳೆದ ನೀರಿನಂಥದ್ದನ್ನು, ಒಂದು ಸಣ್ಣ ಗಾಜಿನ ಬಾಟ್ಲಿಗೆ ತುಂಬಿಕೊಂಡಿದ್ದ.

“ಏನು ತಿಂದು ಸತ್ತ್ರು ಅಂತ ರಾಯಚೂರಿನೋರು ನೋಡಿ ಹೇಳ್ತಾರ್ರೀ ಗೌಡ್ರೆ,” ಎಂದ ಜಿಲಾನಿಸಾಬ್. “ಮಾಯಿಬ್ಯಾನಿ, ಅಂದ್ರ ಕಾಲರಾ ಅಂತ ಕಾಗದ ಬಂತಂದ್ರ ಹಳ್ಳದ ನೀರು ಬಂದ್. ಊರಾಗ ಚಲೋ ನೀರು ಇರೋದು ನಿಮ್ಮ ಬಾವ್ಯಾಗ ಒಂದಽ. ಎಲ್ಲಾರಿಗೂ ತೆರೀರಿ ಅಂತ ಹುಕುಂ ಆಗ್ತದ.”

ಗೌಡನ ದವಡೆ ಆಡುವುದು ನಿಂತಿತು. ಒಂದು ಗಳಿಗೆ ಬಿಟ್ಟು ನಕ್ಕ.

“ಹೋಗ್ಲಿ ಬಿಡ್ರಿ. ಹುಸೇನಾ, ಈ ವಾರ ಬಿಟ್ಟಿ ಬೇಗಾರಿ ಪಾಳಿ ನಿಂದಲ್ಲೇನಲೇ? ನಿನ್ನ ಮಗನ ಹೇಲು, ನೀನಽ ಹೊರು.”

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಗೌಡನ ಆಳು ವಿರೂಪಾಕ್ಷಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. “ಸಕ್ಕರಿ ಗಿಕ್ಕರಿ ಹಾಕಿ ನೆಕ್ಕೀಯಲೇ ಹಾದ್ಯಾಗ!”

ಹುಸೇನಪ್ಪ ತಲೆ ಎತ್ತಲಿಲ್ಲ. ಗುಡಿಸಲಿನಲ್ಲಿ ಮಗಳು ಲಚುಮಿ ನಸುಕಿನಿಂದ ವಾಂತಿ ಮಾಡಿಕೊಳ್ಳುತ್ತಿದ್ದಳು. “ಹೊರತೀನ್ರಿ ಧಣಿ,” ಎಂದ.

ಜಿಲಾನಿಸಾಬ್ ಬಾಟ್ಲಿಯ ಬಿರಡೆಗೆ ಮೇಣ ಸುರಿದು, ಅರಳೆ ಸುತ್ತಿ ತಗಡಿನ ಡಬ್ಬಿಯಲ್ಲಿಟ್ಟ. ಡಬ್ಬಿಯನ್ನು ಕಟ್ಟಿಗೆಯ ಪೆಟ್ಟಿಗೆಯಲ್ಲಿಟ್ಟು ಸುತ್ತಲೂ ಕಟ್ಟಿಗೆಹೊಟ್ಟು ಗಿಡಿದ. ಮುಚ್ಚಳಕ್ಕೆ ಮೊಳೆ ಹೊಡೆದು ಅರಗಿನ ಮುದ್ರೆ ಒತ್ತಿದ. ಮೇಲೆ ಕೆಂಪು ಬಟ್ಟೆ ಕಟ್ಟಿದ.

“ನೋಡಪ್ಪಾ. ಹೊತ್ತು ಮುಳುಗೂದ್ರಾಗ ಮಸ್ಕಿಗೆ ಮುಟ್ಟಬೇಕು. ಜೀಪ್ ನಿಂತಿರ್ತದ, ರಾಯಚೂರಿಗೆ ಒಯ್ತದ. ನಾ ಸಂತೆಕಲ್ಲೂರಿಗೆ ಹೋಗ್ಬೇಕು, ಅಲ್ಲೂ ಮಂದಿ ಬಿದ್ದಾರ. ಪೆಟ್ಟಿಗಿ ಕೆಳಗ ಇಡಬ್ಯಾಡ. ಓರೆ ಮಾಡಬ್ಯಾಡ. ಯಾರಿಗೂ ಮುಟ್ಟಸಬ್ಯಾಡ. ಈ ಮುದ್ರಿ ಒಡೀತಂದ್ರ ರಾಯಚೂರಿನೋರು ತಗೊಳ್ಳಂಗಿಲ್ಲ, ಚೆಲ್ಲಿಬಿಡ್ತಾರ.”

ಹುಸೇನಪ್ಪ ಕೆಂಪು ಬಟ್ಟೆಯನ್ನೇ ನೋಡುತ್ತ ನಿಂತ. ಊರಿಗೆ ಬೇನೆ ಬಂದರೆ ಬೇನೆಯ ದೇವಿ ಅಮ್ಮನ ಮೂರ್ತಿಯನ್ನು ಮೊರದಲ್ಲಿ ಕೂರಿಸಿ, ಕೆಂಪು ಖಣ ಹೊದಿಸಿ, ಮಾದಿಗನ ತಲೆಯ ಮೇಲಿಟ್ಟು ಮುಂದಿನ ಊರಿನ ಗಡಿಯಲ್ಲಿ ಬಿಟ್ಟು ಬರುವುದು ಸುತ್ತಿನ ಹಳ್ಳಿಗಳ ಪದ್ಧತಿ. ಹೊತ್ತವನು ನಡುವೆ ಇಳಿಸುವಂತಿಲ್ಲ. ಬೇರೆಯವರು ಮುಟ್ಟುವಂತಿಲ್ಲ. ಬೇನೆ ತೊಲಗಿತೆಂದು ಒಂದು ಊರು ಮಲಗಿದರೆ, ಇನ್ನೊಂದು ಊರು ಬಡಿಗೆ ಹಿಡಿದು ಗಡಿ ಕಾಯುತ್ತದೆ.

“ಯಪ್ಪಾ, ಇದು ಅಮ್ಮನ್ನ ಹೊತ್ತಂಗ ಕಾಣತೈತ್ರಿ. ಆ ಕೆಂಪು ಬಟ್ಟಿ ಬಿಚ್ಚಿಬಿಡ್ರಿ.”

“ಬಿಚ್ಚಾಕ ಬರಂಗಿಲ್ಲಪ್ಪ. ಕಾಯ್ದೆ ಐತಿ. ಅಪಾಯ ಅಂತ ಮಂದಿಗೆ ಗೊತ್ತಾಗ್ಬೇಕಲ್ಲ,” ಎಂದು ಜಿಲಾನಿಸಾಬ್ ಚಕ್ಕಡಿ ಹತ್ತಿದ.

ಕಟ್ಟೆಯ ಮೇಲಿನವರು ಈಗ ನಗುತ್ತಿರಲಿಲ್ಲ. ಗೌಡ ವಿರೂಪಾಕ್ಷಪ್ಪನ ಕಿವಿಯಲ್ಲಿ ಏನೋ ಹೇಳಿದ. ವಿರೂಪಾಕ್ಷಪ್ಪ ಕುದುರೆ ಬಿಚ್ಚಿದ.

ಹುಸೇನಪ್ಪ ಪೆಟ್ಟಿಗೆ ಹೊತ್ತುಕೊಂಡೇ ಗುಡಿಸಲಿನ ಮುಂದೆ ಹಾದ. ಹೆಂಡತಿ ನರಸವ್ವ ಬಾಗಿಲಲ್ಲಿ ನಿಂತಿದ್ದಳು. ಒಳಗಿನಿಂದ ಲಚುಮಿ, “ನೀರು ಬೇ ಯವ್ವಾ, ನೀರು,” ಎನ್ನುತ್ತಿದ್ದಳು.

“ವರ್ತಿ ನೀರು ಕೊಡಬ್ಯಾಡಲೇ ನರಸಿ.”

“ಮತ್ತ ಏನು ಕೊಡ್ಲಿ? ನನ್ನ ಉಚ್ಚಿ ಕೊಡ್ಲೇನು? ಹಳ್ಳದ ಮ್ಯಾಲಿನೂರವ್ರು ಬ್ಯಾನಿ ಅರಿವಿ ಒಗದ ನೀರಽ ನಮ್ಮ ವರ್ತಿಗೆ ಬರ್ತಾವ. ಮಗ ಅದನ್ನ ಕುಡದಽ ಸತ್ತ.” ಅವಳ ಕಣ್ಣು ಪೆಟ್ಟಿಗೆಯ ಮೇಲಿತ್ತು. “ಅದರಾಗ ಅವಂದಽ ಐತೇನು?”

“ಹ್ಞೂ.”

“ಹುಷಾರಿಲೆ ಒಯ್ಯಿ,” ಎಂದು ಅವಳು ಒಳಗೆ ಹೋದಳು.

ಮಸ್ಕಿ ದಾರಿಯ ನಡುವಿನ ಊರಿನ ಗಡಿಗಲ್ಲಿನ ಹತ್ತಿರ ಬಂದಾಗ ಬಿಸಿಲು ಏರಿತ್ತು. ಕಲ್ಲಿನ ಆಚೆ ಹತ್ತು ಹನ್ನೆರಡು ಜನ ಬಡಿಗೆ ಹಿಡಿದು ಕಾಯುತ್ತಿದ್ದರು. ಅವರ ಹಿಂದೆ ಬೇವಿನ ಮರದ ನೆರಳಲ್ಲಿ ವಿರೂಪಾಕ್ಷಪ್ಪ ಕುದುರೆಯ ಮೇಲೆ ಕೂತಿದ್ದ.

“ನಾ ಹೇಳಲಿಲ್ಲೇನು?” ಎಂದ ವಿರೂಪಾಕ್ಷಪ್ಪ. “ಕೆಂಪು ಬಟ್ಟಿ ನೋಡ್ರಿ.”

“ನಿಂದರಲೇ ಮಾದಿಗ ಸೂಳಿಮಗನ! ನಿಮ್ಮೂರ ಹೆಣ ಎತ್ತೋ ಅಮ್ಮನ್ನ ನಮ್ಮ ಊರಾಗ ಇಡಾಕ ಬಂದೀಯೇನು?” ಎಂದು ಬಡಿಗೆ ಹಿಡಿದವನೊಬ್ಬ ಕೂಗಿದ.

“ಅಮ್ಮ ಅಲ್ರೀ ಯಪ್ಪಾ, ಇದು ಬಾಟ್ಲಿ. ಡಾಕ್ಟ್ರು ಕೊಟ್ಟಾರ. ಮಸ್ಕಿಗೆ ಒಯ್ಯಾಕತ್ತೀನಿ.”

“ಬಾಟ್ಲಿಗೆ ಯಾಕಲೇ ಕೆಂಪು ಬಟ್ಟಿ? ಇಳಸು, ನೋಡ್ತೀವಿ!”

“ಇಳಸಂಗಿಲ್ರಿ. ಮುಟ್ಟಂಗಿಲ್ರಿ.”

ಅವನು ಹೇಳಿದ ಆ ಎರಡು ಮಾತೇ ಅವರಿಗೆ ಸಾಕಾಯಿತು. ಮೊದಲ ಏಟು ಮೊಣಕಾಲಿಗೆ ಬಿತ್ತು. ಹುಸೇನಪ್ಪ ಕುಸಿದ. ಕುಸಿಯುವಾಗಲೂ ಎರಡೂ ಕೈಯಿಂದ ಪೆಟ್ಟಿಗೆಯನ್ನು ಓರೆಯಾಗದಂತೆ ಎತ್ತಿ ಹಿಡಿದಿದ್ದ. ಎರಡನೆಯದು ಎಡಗೈಯ ಮೇಲೆ ಬಿತ್ತು. ಮೂಳೆ ಮುರಿದದ್ದು ಎಲ್ಲರಿಗೂ ಕೇಳಿಸಿತು. ಅವನು ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು ಕೌಚಿ ಬಿದ್ದ. ಬಡಿಗೆಗಳು ಬೆನ್ನಿನ ಮೇಲೆ, ಕುಂಡಿಯ ಮೇಲೆ, ಕಿವಿಯ ಮೇಲೆ ಬಿದ್ದವು. ಮೆಟ್ಟು ಕಳಚಿ ಬಾಯಿಗೆ ಹೊಡೆದರು. ಒಬ್ಬ ಮುದುಕ, “ಮುಟ್ಟಬ್ಯಾಡ್ರೋ, ಬಡಿಗೀಲೆ ಹೊರಳಸ್ರಿ,” ಎಂದು ಕೂಗುತ್ತಿದ್ದ. ಹಾಗೆಯೇ ಮಾಡಿದರು. ಬಡಿಗೆಯ ತುದಿಯನ್ನು ಪಕ್ಕೆಯ ಕೆಳಗೆ ತೂರಿಸಿ ಅವನನ್ನು ಹೊರಳಿಸಿದರು. ಪೆಟ್ಟಿಗೆ ಉರುಳಿತು. ಒಬ್ಬ ಕಲ್ಲು ಎತ್ತಿ ಹಾಕಿದ.

ಅರಗು ಒಡೆದು, ಹಲಗೆ ಸೀಳಿ ಕಟ್ಟಿಗೆಹೊಟ್ಟು ಹಾರಿತು. ಅಮ್ಮನ ಮೂರ್ತಿ ಇರಲಿಲ್ಲ. ನೆಗ್ಗಿದ ತಗಡಿನ ಡಬ್ಬಿ, ಅದರಿಂದ ಹೊರಬಿದ್ದ ಅರಳೆ, ಅರಳೆಯಲ್ಲಿ ಬಾಟ್ಲಿ. ಬಾಟ್ಲಿ ಒಡೆದಿರಲಿಲ್ಲ.

ಎಲ್ಲರೂ ಹಿಂದೆ ಸರಿದರು.

“ಏನಲೇ ಅದು?”

ಹುಸೇನಪ್ಪ ಬಾಯಲ್ಲಿದ್ದ ರಕ್ತ ಉಗಿದ. “ನನ್ನ ಮಗ.”

ಮುದುಕ ನೆಲಕ್ಕೆ ಬಡಿಗೆ ಕುಟ್ಟಿದ. “ಏನಽ ಇರಲಿ, ಇಲ್ಲಿ ಬಿಡಬ್ಯಾಡ. ಎತಗೊಂಡು ನಡಿ. ನಿಮ್ಮ ಧಣಿ ಮನಿ ಮುಂದ ಇಡು ಹೋಗು!”

ಹುಸೇನಪ್ಪ ಮಸ್ಕಿಯ ದಾರಿಯನ್ನೊಮ್ಮೆ ನೋಡಿದ. ಒಡೆದ ಅರಗನ್ನು ನೋಡಿದ. ಬಲಗೈಯಿಂದ ಬಾಟ್ಲಿ ಎತ್ತಿಕೊಂಡು, ಮುರಿದ ಕೈಯನ್ನು ಅಂಗಿಯೊಳಗೆ ಸಿಕ್ಕಿಸಿ, ಬಂದ ದಾರಿ ಹಿಡಿದ.

ವಿರೂಪಾಕ್ಷಪ್ಪ ಕುದುರೆಯ ಮೇಲೆ ಪಕ್ಕದಲ್ಲೇ ಬಂದ. “ಆತೇನಲೇ ಟಪಾಲು?” ಎಂದು ಕೇಳಿದ. ಹುಸೇನಪ್ಪ ಕೇಳಿಸದವನಂತೆ ಕಾಲೆಳೆಯುತ್ತ ನಡೆದ. ಊರು ಕಂಡಾಗ ಬೇಸತ್ತು ವಿರೂಪಾಕ್ಷಪ್ಪ ಮುಂದೆ ಹೋದ.

ಹುಸೇನಪ್ಪ ಕೇರಿಗೆ ಹೋಗಲಿಲ್ಲ. ಗೌಡನ ಹೊಲದ ಬದುವಿನಿಂದ ನೇರ ಬಾವಿಗೆ ಇಳಿದ. ಮೆಟ್ಟಿಲ ಬಾವಿ. ಮಾದಿಗರ ಕಾಲು ಬಿದ್ದಿರದ ಕಲ್ಲು. ನೀರು ತುಂಬುತ್ತಿದ್ದ ಹೆಂಗಸರು ಚೀರಿ ಕೊಡ ಬಿಟ್ಟು ಮೇಲೆ ಓಡಿದರು. ಅವನು ಕೊನೆಯ ಮೆಟ್ಟಿಲ ಮೇಲೆ ನಿಂತು ಬಾಟ್ಲಿಯನ್ನು ನೀರಿನ ಮೇಲೆ ಹಿಡಿದ.

ಗೌಡ ಜನ ಕಟ್ಟಿಕೊಂಡು ಓಡಿ ಬಂದ. ಮೇಲಿನಿಂದ ಯಾರೋ ಎಸೆದ ಕಲ್ಲು ಹುಸೇನಪ್ಪನ ಹಣೆ ಸೀಳಿತು. ರಕ್ತ ಕಣ್ಣಿಗೆ ಇಳಿಯಿತು. ಅವನು ಹೆಬ್ಬೆರಳಿನಿಂದ ಬಿರಡೆಯ ಮೇಣ ಕಿತ್ತ.

“ಇನ್ನೊಂದು ಒಗೀರಿ,” ಎಂದ.

ವಿರೂಪಾಕ್ಷಪ್ಪ ಬಡಿಗೆ ಎತ್ತಿ ಎರಡು ಮೆಟ್ಟಿಲು ಇಳಿದ. ಹುಸೇನಪ್ಪ ಬಿರಡೆಯನ್ನು ಅರ್ಧ ಎಬ್ಬಿಸಿದ.

“ನಿಂದರಲೇ ವಿರೂಪಾಕ್ಷಿ!” ಗೌಡ ಚೀರಿದ. “ಹುಸೇನಾ, ಹುಚ್ಚ ಸೂಳಿಮಗನ, ಏನು ಮಾಡಾಕತ್ತೀದಿ? ಬಾವಿಗೆ ಅದನ್ನ ಹಾಕಬ್ಯಾಡ!”

“ಯಾಕ ಧಣಿ? ಎಮ್ಮಿ ಕಂಡ ತಿಂದು ಸತ್ತಾನಲ್ಲ ನನ್ನ ಮಗ. ಕಂಡ ತಿಂದೋನ ಹೇಲು ಬಿದ್ರ ನಿಮಗೇನಾಕ್ಕೈತಿ? ನಾಕು ಕೊಡ ಸೇದಿ ಚೆಲ್ಲಿದ್ರ ಮುಗೀತು.”

“ಬ್ಯಾಡಲೇ!”

“ಏನೈತಿ ಇದರಾಗ? ನೀವಽ ಹೇಳ್ರಿ.”

ಗೌಡ ಸುತ್ತ ನಿಂತವರ ಕಡೆ ನೋಡಿದ. ಹುಸೇನಪ್ಪ ಬಾಟ್ಲಿ ಓರೆ ಮಾಡಿದ.

“ಮಾಯಿಬ್ಯಾನಿ ಐತಲೇ! ಮಾಯಿಬ್ಯಾನಿ ಐತಿ ಅದರಾಗ! ಊರಽ ಸಾಯ್ತದ, ಕೈ ತಗಿ!”

ಬಾವಿಯ ಸುತ್ತ ನಿಂತವರೆಲ್ಲ ಅದನ್ನು ಕೇಳಿದರು. ಬದುವಿನ ಆಚೆ ಸೇರಿದ್ದ ಕೇರಿಯವರೂ ಕೇಳಿದರು.

“ನರಸೀ,” ಎಂದು ಹುಸೇನಪ್ಪ ಕೂಗಿದ. “ಕೊಡ ತಗೊಂಡು ಬಾ. ಎಲ್ಲಾರ್ನೂ ಕರಿ.”

ನರಸವ್ವ ಮೊದಲು ಇಳಿದಳು. ಮೆಟ್ಟಿಲ ಮೇಲೆ ಗೌಡ ನಿಂತಿದ್ದ. ಅವಳು ಅವನ ಮುಂದೆ ನಿಂತಳು, ಸರಿಯಲಿಲ್ಲ. ಗೌಡನೇ ಸರಿದ. ಅವಳ ಹಿಂದೆ ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಇಳಿದರು. ಕೊಡಗಳು ಒಂದರ ಹಿಂದೊಂದು ನೀರಿನಲ್ಲಿ ಮುಳುಗಿದವು. ಹುಸೇನಪ್ಪನ ಹಣೆಯ ರಕ್ತ ಕಲ್ಲಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅದು ನೀರಿಗೆ ಬೀಳದಂತೆ ಅವನು ತುಸು ಹಿಂದೆ ವಾಲಿ ನಿಂತಿದ್ದ. ಬಾಟ್ಲಿ ಹಿಡಿದ ಕೈ ಮಾತ್ರ ಹಿಂದೆ ಬರಲಿಲ್ಲ.

ಗೌಡ ಪೊಲೀಸರನ್ನು ಕರೆತರಲು ಲಿಂಗಸುಗೂರಿಗೆ ಕುದುರೆ ಓಡಿಸಿದ. ಅವರು ಬರುವವರೆಗೂ ಹೆಂಗಸರು ನೀರು ಹೊತ್ತರು.

ಬಸವಂತರಾಯ ಗೌಡ ಲಿಂಗ ಮುಟ್ಟಿ ಕೊಟ್ಟ ಮಾತು ಆ ಮಧ್ಯಾಹ್ನ ನಡೆಯಿತು.