ನಾಲ್ಕು ಬೆರಳಗಲದ ಗೆರೆ

ಪಂಚೆ ಮೂರನೆಯ ಸಲ ಜಾರಿದಾಗ ಅನಸೂಯ ಮಗನ ಕೈಯನ್ನು ಪಕ್ಕಕ್ಕೆ ಸರಿಸಿ ತಾವೇ ಕಟ್ಟತೊಡಗಿದರು.

"ಹೊಟ್ಟೆ ಎಳ್ಕೋಬೇಡ, ಆಮೇಲೆ ಸಡಿಲ ಆಗುತ್ತೆ," ಎಂದರು.

ಸುಹಾಸ್ ಉಸಿರು ಬಿಟ್ಟ. ಇಪ್ಪತ್ತೆಂಟು ವರ್ಷದವನು, ರೇಗನ್ಸ್‌ಬರ್ಗ್‌ನ ಚಿಪ್ ಕಂಪನಿಯೊಂದರಲ್ಲಿ ಎಂಜಿನಿಯರ್. ಉಪನಯನದ ದಿನ ಬಿಟ್ಟರೆ ಪಂಚೆ ಉಟ್ಟಿದ್ದು ಇದೇ ಮೊದಲು. ಸಿಂಡೆಲ್‌ಫಿಂಗೆನ್‌ನ ಅಂಚಿನಲ್ಲಿದ್ದ ಆ ಚಿತಾಗಾರದ ಕೋಣೆಯ ಗೋಡೆಯಿಂದ ಶಿಲುಬೆಯನ್ನು ಇವರ ಮರ್ಯಾದೆಗೆಂದು ತೆಗೆದಿಟ್ಟಿದ್ದರು. ಮೊಳೆ ಮಾತ್ರ ಉಳಿದಿತ್ತು.

ಎಲ್ಲದಕ್ಕೂ ಹೊತ್ತು ನಿಗದಿಯಾಗಿತ್ತು. ಹನ್ನೊಂದರಿಂದ ಮುಕ್ಕಾಲು ಗಂಟೆ ಸಭಾಂಗಣ ಇವರದು, ಹನ್ನೆರಡಕ್ಕೆ ಇನ್ನೊಬ್ಬರ ಸರದಿ. ಒಂದು ಚಮಚ ತುಪ್ಪಕ್ಕೆ ಒಪ್ಪಿಗೆ ಇತ್ತು, ಬೆಂಕಿಗೆ ಇರಲಿಲ್ಲ. ಮಡಕೆ ಹೊತ್ತು ಸುತ್ತಬಹುದು, ಒಡೆಯುವಂತಿಲ್ಲ. ಮೈಸೂರಿನ ಪುರೋಹಿತರು ವಿಡಿಯೋ ಕಾಲ್‌ನಲ್ಲಿ ಕಾಯುತ್ತಿದ್ದರು. ಫೋನು ಹಿಡಿಯುವ ಕೆಲಸ ಡಾಕ್ಟರ್ ಶಿವಲಿಂಗಯ್ಯನವರದು. ನಲವತ್ತು ವರ್ಷದಿಂದ ಸ್ಟುಟ್‌ಗಾರ್ಟ್‌ನಲ್ಲಿದ್ದ ಅವರು ಇಂಥ ಕೆಲಸಕ್ಕೆ ಎಷ್ಟು ಸಲ ಫೋನು ಹಿಡಿದಿದ್ದರೆಂದರೆ, ಕಡೆಗೆ ಕೈನೋವಿಗೆ ಹೆದರಿ ಒಂದು ಸ್ಟ್ಯಾಂಡನ್ನೇ ಕೊಂಡಿದ್ದರು. ಆರು ದಿನ ಫಾರಂ ತುಂಬಿ ತುಂಬಿ ಅನಸೂಯರಿಗೆ ಅಳುವುದಕ್ಕೂ ತ್ರಾಣ ಉಳಿದಿರಲಿಲ್ಲ.

ಗಂಡ ಪುರುಷೋತ್ತಮ ಹೋದದ್ದು ಕಳೆದ ಶನಿವಾರ. ಮೈದಾನದಿಂದ ಮನೆಗೆ ಬಂದು, ಶೂ ಬಿಚ್ಚಲು ಬಗ್ಗಿದವರು ಮತ್ತೆ ಏಳಲಿಲ್ಲ. ಅರವತ್ತೊಂದು ವಯಸ್ಸು. ಮೂವತ್ತು ವರ್ಷ ಕಾರಿನ ಬಿಡಿಭಾಗಗಳನ್ನು ಅಳೆಯುವುದೇ ಅವರ ಉದ್ಯೋಗ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಮಾಲನ್ನು ವಾಪಸು ಕಳಿಸುತ್ತಿದ್ದರು. ಶನಿವಾರ ಬಂತೆಂದರೆ ಅಲ್ಲೂ ಅಳತೆ. ಪಕ್ಕದ ಊರಿನ ದಂಡಿನ ಅಮೆರಿಕನ್ ಸೈನಿಕರು ಒಂದು ಕಾಲದಲ್ಲಿ ಇಲ್ಲಿಯ ಹುಡುಗರಿಗೆ ತಮ್ಮ ಫುಟ್‌ಬಾಲ್ ಕಲಿಸಿ ಒಂದು ಕ್ಲಬ್ಬು ಕಟ್ಟಿದ್ದರು. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ, ಓಡುವವನನ್ನು ಕೆಡವುವ ಆಟ ಅದು. ನಾಲ್ಕು ಯತ್ನದೊಳಗೆ ಹತ್ತು ಗಜ ಮುಂದೆ ಹೋಗಬೇಕು. ಹೋಯಿತೋ ಇಲ್ಲವೋ ಎಂಬ ಅನುಮಾನ ಬಂದರೆ ಎರಡು ಕೋಲಿಗೆ ಕಟ್ಟಿದ ಹತ್ತು ಗಜದ ಸರಪಳಿಯನ್ನು ಮೈದಾನಕ್ಕೆ ತಂದು ಅಳೆಯುತ್ತಾರೆ. ಆ ಸರಪಳಿಯ ಮೂವರಲ್ಲಿ ಪುರುಷೋತ್ತಮ ಒಬ್ಬರು. ಇಪ್ಪತ್ತೆರಡು ವರ್ಷ, ಬಿಡಿಗಾಸೂ ತೆಗೆದುಕೊಳ್ಳದೆ.

ಬಾಗಿಲು ತಟ್ಟಿ ಒಳಬಂದವರು ಆ ಮೂವರಲ್ಲಿ ಇನ್ನೊಬ್ಬರು, ನಿವೃತ್ತ ಪೋಸ್ಟ್‌ಮನ್ ಎಕ್‌ಹಾರ್ಟ್. ಕಪ್ಪು ಕೋಟಿನ ಮೇಲೆ ಕಿತ್ತಳೆ ಬಣ್ಣದ ವೆಸ್ಟ್ ಹಾಕಿಕೊಂಡಿದ್ದರು. ತೋಳಿನಲ್ಲಿ ಎರಡು ಕೋಲು, ಸುತ್ತಿದ ಸರಪಳಿ. ಶವಪೆಟ್ಟಿಗೆಯ ಪಕ್ಕ ಇಡಬಹುದೇ ಎಂದು ಕೇಳಿದರು.

ಸುಹಾಸ್ ಸರಪಳಿಯನ್ನು ನೋಡಿದ.

"ಅಮ್ಮ, ಅದು ಒಳಗೆ ಬರೋದು ಬೇಡ," ಎಂದ. ಪಂಚೆಯನ್ನು ಒಂದು ಕೈಯಲ್ಲಿ ಹಿಡಿದು ಕಾರಿಡಾರಿಗೆ ನಡೆದುಬಿಟ್ಟ.

ಎಕ್‌ಹಾರ್ಟ್ ಬಾಗಿಲು ಮುಚ್ಚಿದರು. ಜರ್ಮನ್‌ನಲ್ಲಿ, ಅನಸೂಯರಿಗೆ ತಿಳಿಯುವಷ್ಟು ನಿಧಾನವಾಗಿ ಹೇಳಿದರು. "ಫ್ರೌ ಪುರುಷೋತ್ತಮ, ಒಳಗೆ ನಾನು ಎರಡು ನಿಮಿಷ ಮಾತಾಡಬೇಕು. ಆ ಅಳತೆಯ ವಿಷಯ ಬಿಟ್ಟು ಅವನ ಬಗ್ಗೆ ಏನು ಹೇಳಿದರೂ ಅರ್ಧ ಸುಳ್ಳಾಗುತ್ತದೆ. ಹನ್ನೊಂದು ವರ್ಷ ಬಾಯಿ ಮುಚ್ಚಿಕೊಂಡಿದ್ದೇನೆ. ನೀವು ಬೇಡವೆಂದರೆ ಇವತ್ತೂ ಸುಮ್ಮನಿರುತ್ತೇನೆ."

ಅವರಿಗೆ ಗೊತ್ತಿತ್ತು, ಅನಸೂಯರಿಗೆ ಗೊತ್ತಿತ್ತು, ಸುಹಾಸನಿಗೆ ಮಾತ್ರ ಗೊತ್ತಿರಲಿಲ್ಲ. ಪುರುಷೋತ್ತಮ ಜೀವನದಲ್ಲಿ ಒಂದೇ ಒಂದು ಅಳತೆ ತಪ್ಪಿದ್ದರು. ಅದು ಮಗನದು.

"ಮಾತು ನಾನೇ ಆಡ್ತೀನಿ," ಎಂದು ಅನಸೂಯ ಕನ್ನಡದಲ್ಲೇ ಹೇಳಿದರು. ಎಕ್‌ಹಾರ್ಟ್‌ಗೆ ಅರ್ಥವಾದಂತಿತ್ತು.

*

ಆ ಆಟದ ಹುಚ್ಚು ಪುರುಷೋತ್ತಮರಿಗೆ ಹತ್ತಿದ್ದು ಜರ್ಮನಿಯಲ್ಲಲ್ಲ. ಇಪ್ಪತ್ನಾಲ್ಕರ ವಯಸ್ಸಿನಲ್ಲಿ ಎಂ.ಎಸ್. ಮಾಡಲು ಅಮೆರಿಕದ ನಡುನಾಡಿನ ಒಂದು ಪುಟ್ಟ ಊರಿಗೆ ಹೋಗಿದ್ದರು. ಮೂರು ವಾರ ಯಾರೂ ಹೆಸರು ಹಿಡಿದು ಕರೆಯಲಿಲ್ಲ. ನಾಲ್ಕನೆಯ ಶನಿವಾರ ಲೈಬ್ರರಿಗೆ ಹೊರಟರೆ ಬೀದಿಯಲ್ಲಿ ಊರಿಗೆ ಊರೇ ಕೆಂಪು ಅಂಗಿ ತೊಟ್ಟು ಒಂದೇ ದಿಕ್ಕಿಗೆ ನಡೆಯುತ್ತಿತ್ತು. ನಲವತ್ತು ಸಾವಿರ ಜನರ ಊರಿನಲ್ಲಿ ಎಪ್ಪತ್ತು ಸಾವಿರ ಜನ ಕೂರುವ ಕಾಲೇಜು ಮೈದಾನ. ಗುರುತಿಲ್ಲದ ಮುದುಕಿಯೊಬ್ಬಳು ವ್ಯಾನಿನ ಹಿಂದೆ ಜೋಳದ ತೆನೆ ಸುಟ್ಟು ಇವರ ಕೈಗಿತ್ತು, ಚಳಿಗೆ ತನ್ನ ಮಗನ ಕೆಂಪು ಸ್ವೆಟರು ಹೊದಿಸಿ ಕೂರಿಸಿಕೊಂಡಳು. ಆವತ್ತು ನಾನೂ ಒಂದು ಊರಿನವನಾದೆ ಎಂದು ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಹೇಳಿದ್ದರು.

ಇನ್ನೊಂದು ಸಂಗತಿಯನ್ನೂ ಅವರೇ ಹೇಳಿದ್ದರು. ಶನಿವಾರ ಎಪ್ಪತ್ತು ಸಾವಿರ ಜನ ಹೆಸರು ಕೂಗಿದ ಹುಡುಗನೊಬ್ಬ ಸೋಮವಾರ ಅವರ ಪಕ್ಕದ ಬೆಂಚಿನಲ್ಲಿ ಬೆರಳಿಗೆ ಪಟ್ಟಿ ಸುತ್ತಿಕೊಂಡು ತೂಕಡಿಸುತ್ತಿದ್ದ. ನವೆಂಬರಿನಲ್ಲಿ ಅವನ ಮೊಣಕಾಲು ಮುರಿಯಿತು. ಮುಂದಿನ ವರ್ಷ ಅವನು ಕಾಲೇಜಿನಲ್ಲಿರಲಿಲ್ಲ. ಅಂಗಡಿಯಲ್ಲಿ ಹಾಲಿನ ಡಬ್ಬ ಜೋಡಿಸುತ್ತಿದ್ದ. ಕೆಂಪಂಗಿಯ ಜನ ಅವನ ಕೈಯಿಂದಲೇ ಹಾಲು ಪಡೆದು, ಈ ಶನಿವಾರ ಗೆಲ್ಲುತ್ತೇವಾ ಎಂದು ಅವನನ್ನೇ ಕೇಳುತ್ತಿದ್ದರು.

ಗಂಡನ ನೆನಪಿನಲ್ಲಿ ಜೋಳದ ತೆನೆ ಉಳಿಯಿತು, ಹೆಂಡತಿಯ ನೆನಪಿನಲ್ಲಿ ಹಾಲಿನ ಡಬ್ಬ. ಮಗ ಹನ್ನೆರಡನೇ ವಯಸ್ಸಿಗೆ ಹೆಲ್ಮೆಟ್ಟು ಹಾಕಿ ಮೈದಾನಕ್ಕೆ ಹೊರಟ ದಿನದಿಂದ ಅನಸೂಯ ಅತ್ತ ಕಾಲಿಡಲಿಲ್ಲ.

*

ಸುಹಾಸನ ಹದಿನೇಳನೇ ವರ್ಷದ ಮೇ ತಿಂಗಳಲ್ಲಿ ಒಂದು ಢಿಕ್ಕಿಯಲ್ಲಿ ಅವನ ತಲೆಗೆ ಪೆಟ್ಟಾಯಿತು. ಆಸ್ಪತ್ರೆಗೆ ಓಡಿದ ಅನಸೂಯರನ್ನು ಅವನು ಜರ್ಮನ್‌ನಲ್ಲಿ, ಬಹಳ ಮರ್ಯಾದೆಯಿಂದ, ನೀವು ಯಾರು ಎಂದು ಕೇಳಿದ. ಇಪ್ಪತ್ತು ನಿಮಿಷದಲ್ಲಿ ನೆನಪು ಮರಳಿತು. ಜುಲೈಗೆ ಮತ್ತೆ ಆಟಕ್ಕೆ ಇಳಿದ.

ಸೆಪ್ಟೆಂಬರಿನ ಕಡೆಯ ಪಂದ್ಯಕ್ಕೆ ಅಮೆರಿಕದ ಕಾಲೇಜೊಂದರಿಂದ ಹುಡುಗರನ್ನು ಆರಿಸುವವನು ಬಂದಿದ್ದ. ಕೊನೆಯ ನಿಮಿಷ, ನಾಲ್ಕನೆಯ ಯತ್ನ. ಸುಹಾಸ್ ಚೆಂಡು ಅವುಚಿ ನುಗ್ಗಿ ಬಿದ್ದ. ಅಂಪೈರು ಸರಪಳಿ ತರಿಸಿದ. ಹಿಂದಿನ ಕೋಲು ಒಬ್ಬರಿಗೆ, ಮುಂದಿನ ಕೋಲು ಎಕ್‌ಹಾರ್ಟ್‌ಗೆ, ಸರಪಳಿಯ ನಡುವೆ ಗುರುತಿಗೆಂದು ಕಚ್ಚಿಸಿದ ಕ್ಲಿಪ್ಪು ಪುರುಷೋತ್ತಮರಿಗೆ. ಮೈದಾನದ ಬಿಳಿ ಗೆರೆಯ ಮೇಲೆ ಕ್ಲಿಪ್ಪನ್ನು ಇಟ್ಟ ಮೇಲೇ ಮುಂದಿನ ಕೋಲು ಎಲ್ಲಿ ನಿಲ್ಲಬೇಕೆಂಬುದು ತಿಳಿಯುವುದು. ಗೆರೆ ನಾಲ್ಕು ಬೆರಳಗಲ ಇರುತ್ತದೆ. ಕ್ಲಿಪ್ಪು ಅದರ ಹಿಂದಿನ ಅಂಚಿಗೆ ಕೂರಬೇಕು. ಮಗನಿಗೆ ಅನುಕೂಲ ಮಾಡಿದ ಎಂದು ಯಾರೂ ಆಡಬಾರದೆಂಬ ಚಿಂತೆಯಲ್ಲಿ, ಮಗನ ಮುಖವನ್ನು ನೋಡಬಾರದೆಂದು ತಲೆ ತಗ್ಗಿಸಿ, ಪುರುಷೋತ್ತಮ ಅದನ್ನು ಮುಂದಿನ ಅಂಚಿಗೆ ಇಟ್ಟರು. ಮುಂದಿನ ಕೋಲೂ ನಾಲ್ಕು ಬೆರಳು ಮುಂದೆ ಹೋಗಿ, ಚೆಂಡು ಎರಡು ಬೆರಳು ಕಡಿಮೆ ಬಿತ್ತು.

ಮೈದಾನ ಖಾಲಿಯಾದ ಮೇಲೆ ಹುಲ್ಲಿನಲ್ಲಿ ತಮ್ಮ ಮೊಣಕಾಲಿನ ಗುರುತು ಗೆರೆಯ ಆಚೆ ಕಂಡು, ಕ್ಲಿಪ್ಪನ್ನು ತಪ್ಪು ಅಂಚಿಗೆ ಇಟ್ಟದ್ದು ಅವರಿಗೆ ತಿಳಿಯಿತು. ಎಕ್‌ಹಾರ್ಟ್‌ಗೆ ಅಲ್ಲೇ ಹೇಳಿದರು. ಮನೆಗೆ ಬಂದು, ಪಲ್ಯಕ್ಕೆ ಒಗ್ಗರಣೆ ಹಾಕುತ್ತಿದ್ದ ಹೆಂಡತಿಗೆ ಹೇಳಿದರು. ಮಗನ ಕೋಣೆಗೆ ಹೊರಟವರನ್ನು ಅನಸೂಯ ತಡೆದರು.

"ಹೇಳಿದ್ರೆ ಅವ್ನು ಬರೋ ವರ್ಷ ಮತ್ತೆ ಆಡ್ತಾನೆ. ಆ ದೇಶಕ್ಕೆ ಹೋಗಿ ಹಾಲಿನ ಡಬ್ಬ ಜೋಡಿಸ್ತಾನೆ. ನನ್ನ ತಲೆ ಮುಟ್ಟಿ, ಹೇಳಲ್ಲ ಅನ್ನಿ."

ಪುರುಷೋತ್ತಮ ಮಗನ ಕೋಣೆಯ ಬಾಗಿಲನ್ನೊಮ್ಮೆ ನೋಡಿದರು. ಕಡೆಗೆ ಮುಟ್ಟಿದರು.

ಒಂದು ಅಳತೆಯ ಮೇಲೆ ಯಾವ ಕಾಲೇಜೂ ಹುಡುಗನನ್ನು ಆರಿಸುವುದಿಲ್ಲ, ಬಿಡುವುದೂ ಇಲ್ಲ. ಹದಿನೇಳರ ಹುಡುಗನಿಗೆ ಅದನ್ನು ಒಪ್ಪಿಸುವವರು ಯಾರು? ಸುಹಾಸ್ ಆ ವಾರವೇ ಆಟ ಬಿಟ್ಟ. ಅಪ್ಪ ನನಗೆ ಎರಡು ಬೆರಳು ಕೊಡಲಿಲ್ಲ ಎಂದು ತಾಯಿಯ ಹತ್ತಿರ ಒಮ್ಮೆ ಮಾತ್ರ ಅಂದ. ಆಮೇಲೆ ಮನೆಗೆ ಬಂದಾಗಲೆಲ್ಲ ಅಪ್ಪನ ಜೊತೆ ಹವೆ, ರೈಲು ಇಷ್ಟೇ ಮಾತು. ಪುರುಷೋತ್ತಮ ಅದನ್ನೇ ಆಸೆಯಿಂದ ಆಡುತ್ತಿದ್ದರು. ಯಾವ ರೈಲು ಎಷ್ಟು ತಡವೆಂದು ಮೊದಲೇ ನೋಡಿಟ್ಟುಕೊಂಡು ಕಾಯುತ್ತಿದ್ದರು. ಅದನ್ನು ನೋಡುವಾಗಲೆಲ್ಲ ಅನಸೂಯ ಅಡುಗೆಮನೆಗೆ ಎದ್ದುಹೋಗುತ್ತಿದ್ದರು. ಆದರೂ ಬಾಯಿ ಬಿಡಲಿಲ್ಲ. ಮಗ ಎರಡು ಕಾಲಿನ ಮೇಲೆ ಗಟ್ಟಿಯಾಗಿ ಓಡಾಡುತ್ತಿದ್ದ.

*

ಕಾರಿಡಾರಿನ ಕಿಟಕಿಯ ಹತ್ತಿರ ಸುಹಾಸ್ ಫೋನು ನೋಡುತ್ತ ನಿಂತಿದ್ದ. ಹತ್ತು ಐವತ್ತು.

"ನಿನ್ನ ಚೆಂಡು ಮುಟ್ಟಿತ್ತು ಕಣೋ," ಎಂದರು ಅನಸೂಯ.

"ವಾಸ್?" ಎಂದವನು, ಕನ್ನಡಕ್ಕೆ ಬಂದ. "ಏನು?"

ಅವರು ಹೇಳಿದರು. ಗೆರೆಯ ಅಂಚು, ಮೊಣಕಾಲಿನ ಗುರುತು, ಒಗ್ಗರಣೆ, ಆಣೆ, ಎಲ್ಲ. ಹನ್ನೊಂದು ವರ್ಷ ಇಟ್ಟುಕೊಂಡದ್ದು ನಾಲ್ಕು ನಿಮಿಷದಲ್ಲಿ ಮುಗಿದುಹೋಯಿತು.

"ಹೇಳ್ಬೇಕು ಅಂತ ಅಪ್ಪಂಗಿತ್ತಾ?"

"ಪ್ರತಿ ಸಲ ನೀನು ಬಂದು ಹೋದ್ಮೇಲೆ ಕೇಳೋರು, ಈ ಸಲ ಹೇಳ್ಲಾ ಅಂತ. ನಾನು ಬೇಡ ಅಂತಿದ್ದೆ."

"ನಾನು ಅವ್ರ ಹತ್ರ ಹನ್ನೊಂದು ವರ್ಷದಿಂದ ಸರಿಯಾಗಿ ಮಾತಾಡಿಲ್ಲಮ್ಮ."

"ಗೊತ್ತು. ಅದು ನನ್ನಿಂದ ಆಗಿದ್ದು."

"ಯಾಕೆ?"

"ನೀನು ನನ್ನನ್ನ ಯಾರು ಅಂತ ಕೇಳಿದ್ದೆ," ಎಂದರು. ಅದಕ್ಕಿಂತ ದೊಡ್ಡ ಕಾರಣ ಅವರ ಹತ್ತಿರ ಇರಲಿಲ್ಲ.

ಸುಹಾಸ್ ಅವರನ್ನು ನೋಡಿದ. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅನಸೂಯರಿಗೆ. ಅಷ್ಟರಲ್ಲಿ ಅಲ್ಲಿಯ ಹೆಂಗಸು ಬಂದು ಬಾಗಿಲು ತೆರೆಯುತ್ತೇವೆ ಎಂದಳು. ಸುಹಾಸ್ ಎಕ್‌ಹಾರ್ಟ್‌ರ ಬಳಿ ಹೋಗಿ ಅವರ ತೋಳಿನಿಂದ ಸರಪಳಿ ತೆಗೆದುಕೊಂಡ. ತಾನೇ ಒಳಗೆ ಒಯ್ದು ಪೆಟ್ಟಿಗೆಯ ಪಕ್ಕ ಇಟ್ಟ.

ಪುರೋಹಿತರ ದನಿ ಕಡಿದು ಕಡಿದು ಬಂತು. ಹೇಳಿಸಿದ್ದನ್ನು ಸುಹಾಸ್ ಹೇಳಿದ. ನೀರಿನ ಮಡಕೆ ಹೊತ್ತು ಮೂರು ಸುತ್ತು ಬಂದು, ಒಡೆಯಬೇಕಾದ ಕಡೆ ಬಗ್ಗಿ ಮೆಲ್ಲಗೆ ನೆಲದ ಮೇಲೆ ಇಟ್ಟ. ಎಕ್‌ಹಾರ್ಟ್ ಎರಡು ನಿಮಿಷದ ಬದಲು ಅರ್ಧ ನಿಮಿಷ ಮಾತಾಡಿದರು. ಮಳೆ ಬಂದ ಶನಿವಾರಗಳಲ್ಲೂ ಇವನು ಬರುತ್ತಿದ್ದ ಎಂದಷ್ಟೇ ಹೇಳಿದರು. ಹನ್ನೊಂದು ನಲವತ್ತಕ್ಕೆ ಪೆಟ್ಟಿಗೆ ಒಳಬಾಗಿಲಿಗೆ ಸರಿಯಿತು. ಆಗ ಅನಸೂಯ ಅತ್ತರು.

ಹೊರಗೆ ಬಂದಾಗ ಶಿವಲಿಂಗಯ್ಯನವರು, ನೇರ ಮನೆಗೆ ಹೋಗಿ ಸ್ನಾನ ಮಾಡಬೇಕು, ನಡುವೆ ಎಲ್ಲೂ ನಿಲ್ಲಬಾರದು ಎಂದರು. ಸುಹಾಸ್ ತಲೆಯಾಡಿಸಿದ. ಕಾರು ಮಾತ್ರ ಎರಡು ಬೀದಿ ಆಚೆಯ ಮೈದಾನದ ಮುಂದೆ ನಿಂತಿತು. ಹಿಂದೆಯೇ, ಸರಪಳಿ ಕೋಲುಗಳನ್ನು ಹೊತ್ತ ಎಕ್‌ಹಾರ್ಟ್‌ರ ಕಾರು ನಿಂತಿತು.

ನಾಳೆಯ ಪಂದ್ಯಕ್ಕೆ ಗೆರೆ ಬಳಿದಿದ್ದರು. ಅನಸೂಯ ಚಪ್ಪಲಿ ಬಿಟ್ಟು, ಮೊದಲ ಸಲ ಆ ಹುಲ್ಲಿನ ಮೇಲೆ ಕಾಲಿಟ್ಟರು. ಹಿಂದಿನ ಕೋಲನ್ನು ಎಕ್‌ಹಾರ್ಟ್ ಹಿಡಿದರು. ಮುಂದಿನದನ್ನು ಸುಹಾಸ್ ತಾಯಿಯ ಕೈಗೆ ಕೊಟ್ಟ.

"ಬಿಗಿಯಾಗಿ ಹಿಡ್ಕೋಮ್ಮ."

ಅವನು ನಡುವೆ ಹೋಗಿ, ಪಂಚೆ ಎತ್ತಿಕೊಂಡು, ಗೆರೆಯ ಆಚೆ ಮೊಣಕಾಲೂರಿದ. ಕ್ಲಿಪ್ಪನ್ನು ಮುಂದಿನ ಅಂಚಿಗೆ ಇಟ್ಟ. ಸರಪಳಿ ಬಿಗಿಯಾಯಿತು. ಅಪ್ಪ ಕೂತಿದ್ದಂತೆಯೇ ತಲೆ ತಗ್ಗಿಸಿ ಕೂತ. ಆಮೇಲೆ ಎದ್ದು, ಗೆರೆಯ ಈಚೆ ಬಂದು ಕೂತು, ಕ್ಲಿಪ್ಪನ್ನು ಹಿಂದಿನ ಅಂಚಿಗೆ ತಂದ.

ಅನಸೂಯರ ಕೈಯಲ್ಲಿದ್ದ ಕೋಲು ಜಗ್ಗಿತು. ಕೋಲಿನ ಜೊತೆ ಅವರೂ ನಾಲ್ಕು ಬೆರಳು ಮಗನ ಕಡೆಗೆ ಸರಿದು ನಿಂತರು.