ಡ್ರಾಯರಿನಲ್ಲಿದ್ದ ಫೋನು

ಶುಕ್ರವಾರ ಹೊತ್ತು ಮುಳುಗುವ ಮುಂಚೆ ಮನೆಯ ಎರಡೂ ಫೋನುಗಳನ್ನು ಆರಿಸಿ ಅಡುಗೆಮನೆಯ ಡ್ರಾಯರಿಗೆ ಹಾಕುವುದು ನನ್ನ ಕೆಲಸ. ಅದು ನಮ್ಮ ಯೆಹೂದಿಗಳ ಸಬ್ಬತ್ತು, ವಾರದ ವಿಶ್ರಾಂತಿಯ ದಿನ. ಶನಿವಾರ ಕತ್ತಲಾಗುವವರೆಗೆ ಫೋನಿಲ್ಲ, ಟೀವಿಯಿಲ್ಲ, ಕಾರಿಲ್ಲ. ಆ ವಾರ ಗಂಡ ಜೆಲಿಗ್‌ನ ಫೋನು ಆರಿಸಿದೆ, ನನ್ನದನ್ನು ಮರೆತೆ. ವಯಸ್ಸಾಯಿತು ಎನ್ನುವ ನೆಪ ನನಗೆ ಆಗದು. ಮರೆತೆ, ಅಷ್ಟೆ.

ಮಾರನೆಯ ಬೆಳಿಗ್ಗೆ ಜೆಲಿಗ್ ಪ್ರಾರ್ಥನೆಗೆಂದು ಸಿನಗಾಗಿಗೆ ನಡೆದುಹೋದ. ಮಂಡಿನೋವೆಂದು ನಾನು ಮನೆಯಲ್ಲೇ ಉಳಿದೆ. ಕುರ್ಚಿಯಲ್ಲಿ ಕೂತು ಕಾಲು ಚಾಚಿದ್ದೆ, ಡ್ರಾಯರಿನೊಳಗೆ ಫೋನು ಬಡಿದುಕೊಳ್ಳತೊಡಗಿತು.

ನಮ್ಮವರಾರೂ ಸಬ್ಬತ್ತಿನ ದಿನ ಫೋನು ಮಾಡುವುದಿಲ್ಲ. ಹೊರಗಿನವರಲ್ಲಿ ನನ್ನ ನಂಬರು ಇದ್ದದ್ದು ಒಬ್ಬಳ ಬಳಿ ಮಾತ್ರ, ಮಾಸೂಮಾ. ಅಫ್ಘಾನಿಸ್ತಾನದಿಂದ ಮಗನನ್ನು ಕಟ್ಟಿಕೊಂಡು ಮೆಲ್ಬರ್ನಿಗೆ ಬಂದವಳು. ನಮ್ಮ ಸಿನಗಾಗಿನ ಹೆಂಗಸರು ನಿರಾಶ್ರಿತರ ಒಂದೊಂದು ಮನೆಯನ್ನು ನೋಡಿಕೊಳ್ಳುತ್ತೇವೆ, ನನ್ನ ಪಾಲಿಗೆ ಅವಳು ಬಂದಳು. ನನ್ನನ್ನು ಖಾಲಾ, ಅಂದರೆ ಚಿಕ್ಕಮ್ಮ ಎಂದೂ ಜೆಲಿಗ್‌ನನ್ನು ಕಾಕಾ ಎಂದೂ ಕರೆಯುತ್ತಿದ್ದಳು. ವಾರವಾರ ಸೂಪು, ಬ್ರೆಡ್ಡು ಒಯ್ಯುತ್ತಿದ್ದೆ, ಕಚೇರಿಗಳಿಗೆ ಜೊತೆಗೆ ಹೋಗುತ್ತಿದ್ದೆ. ಮಗ ನಿಯಾಜ್‌ಗೆ ಉಬ್ಬಸ. ಒಮ್ಮೆ ತುಟಿ ನೀಲಿಗಟ್ಟಿ ಅವನನ್ನು ಆಂಬುಲೆನ್ಸಿಗೆ ಹಾಕಿದ್ದನ್ನು ಕಣ್ಣಾರೆ ಕಂಡಿದ್ದೆ. ಅವತ್ತೇ ಅವಳಿಗೆ, ಯಾವಾಗ ಬೇಕಾದರೂ ಫೋನು ಮಾಡು ಎಂದು ದೊಡ್ಡದಾಗಿ ಹೇಳಿಬಂದಿದ್ದೆ. ಶನಿವಾರವೂ ಅದರಲ್ಲಿ ಸೇರುತ್ತದೆಂದು ಈ ತಲೆಗೆ ಹೊಳೆಯಬೇಕಲ್ಲ.

ಸದ್ದು ನಿಂತಿತು. ಉಸಿರು ಬಿಟ್ಟೆ. ಮತ್ತೆ ಶುರುವಾಯಿತು. ಜೀವ ಉಳಿಸಲು ಸಬ್ಬತ್ತು ಮುರಿಯಲೇಬೇಕು, ಅಪಾಯವಿದೆಯೆಂಬ ಅನುಮಾನವೇ ಸಾಕು, ಇದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಗೊತ್ತಿದ್ದೂ ಕೂತೇ ಇದ್ದೆ. ಶನಿವಾರ ಎಂದೂ ಫೋನು ಮುಟ್ಟದ ಕೈ ಮುಂದೆ ಹೋಗಲಿಲ್ಲ. ಮೂರನೆಯ ಸಲಕ್ಕೆ ಎದ್ದು ಡ್ರಾಯರು ಎಳೆದೆ. ಎತ್ತಿಕೊಳ್ಳುವಷ್ಟರಲ್ಲಿ ಚಾರ್ಜು ಮುಗಿದು ಫೋನು ಕಪ್ಪಾಯಿತು.

ಅಲ್ಲಿ ಮಗು ಉಸಿರಿಲ್ಲದೆ ಒದ್ದಾಡುತ್ತಿದೆ, ಇಲ್ಲಿ ನಾನು ಮುಟ್ಟಲೋ ಬೇಡವೋ ಎಂದು ಯೋಚಿಸುತ್ತ ಕೂತಿದ್ದೆ. ಜೆಲಿಗ್‌ನ ಫೋನಿನಲ್ಲಿ ಅವಳ ನಂಬರಿರಲಿಲ್ಲ. ಚಾರ್ಜಿಗೆ ಹಾಕಿ ಕಾಯುವ ತಾಳ್ಮೆಯಿರಲಿಲ್ಲ. ಕಾರಿನ ಕೀಲಿ ಹಿಡಿದು ಹೊರಬಿದ್ದೆ.

ಬೀದಿಯಲ್ಲಿ ಪರಿಚಯದ ಮುದುಕರೊಬ್ಬರು ಬಾಯಿಬಿಟ್ಟುಕೊಂಡು ನೋಡಿದರು. ನೋಡಲಿ. ಮುಖ್ಯರಸ್ತೆಯನ್ನು ಪೊಲೀಸರು ಅಡ್ಡಗಟ್ಟಿದ್ದರು. ಇವತ್ತೇ ಬೇಕಿತ್ತೇ ಇವರಿಗೆ ಎಂದು ಬಾಯಿಗೆ ಬಂದಂತೆ ಬೈದು ಸುತ್ತುದಾರಿ ಹಿಡಿದೆ. ಮಾಸೂಮಾ ಇದ್ದ ಡ್ಯಾಂಡಿನಾಂಗ್ ಬಡಾವಣೆ ಮುಟ್ಟುವವರೆಗೂ ಕಣ್ಣಮುಂದೆ ಆ ನೀಲಿ ತುಟಿ.

ಬಾಗಿಲು ತೆರೆದವಳು ಮಾಸೂಮಾ. ಹಿಂದೆ ನಿಯಾಜ್ ನೆಲದ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದ. ಅವಳು ದೆವ್ವ ಕಂಡಂತೆ ಒಂದು ಗಳಿಗೆ ನಿಂತು, ನನ್ನನ್ನು ತಬ್ಬಿ ಗೊಳೋ ಎಂದು ಅತ್ತಳು.

ನನಗೆ ಸಮಾಧಾನಕ್ಕಿಂತ ಮೊದಲು ಸಿಟ್ಟು ಬಂತು. "ಏನೇ ಇದು? ಹುಡುಗ ಗುಂಡುಕಲ್ಲಿನ ಹಾಗಿದಾನೆ. ನನ್ ಜೀವ ಬಾಯಿಗೆ ಬಂದಿತ್ತಲ್ಲೇ."

"ನೀವೇ ಹೋಗ್ಬಿಟ್ರಿ ಅಂದ್ಕೊಂಡೆ ಖಾಲಾ. ಶನಿವಾರ ನೀವಿಬ್ರೂ ಅಲ್ಲೇ ಇರ್ತೀರಲ್ಲ."

ಅವಳು ಟೀವಿಯತ್ತ ಕೈ ತೋರಿಸಿದಳು. ಅದರಲ್ಲಿ ನಮ್ಮ ಸಿನಗಾಗು. ಬಾಗಿಲಿದ್ದ ಜಾಗದಿಂದ ಹೊಗೆ ಬರುತ್ತಿತ್ತು. ಯಾರೋ ಬೆಂಕಿ ಹಚ್ಚಿದ್ದಾರೆ, ಪ್ರಾರ್ಥನೆಗೆ ಬಂದವರು ಒಳಗಿದ್ದರು ಎಂದು ಹೇಳುತ್ತಿದ್ದರು.

"ಕಾಕಾ ಎಲ್ಲಿ ಖಾಲಾ?"

ಅವಳ ಫೋನು ಕಿತ್ತುಕೊಂಡು ಜೆಲಿಗ್‌ನ ನಂಬರು ಒತ್ತಿದೆ. ಸ್ವಿಚ್ ಆಫ್. ಆಗದೆ ಏನು, ನಾನೇ ಆರಿಸಿದ್ದಲ್ಲವೇ. ಸಿನಗಾಗಿನಲ್ಲಿದ್ದ ಅಷ್ಟು ಜನರಲ್ಲಿ ಒಬ್ಬರ ಜೇಬಿನಲ್ಲೂ ಫೋನಿರಲಿಲ್ಲ. ಹೊರಡಲೆಂದು ಕಾರಿನ ಕೀಲಿ ಹುಡುಕಿದೆ, ಅದು ನನ್ನ ಕೈಯಲ್ಲೇ ಇತ್ತು.

ಮಾಸೂಮಾ ಮಗನನ್ನು ಸೊಂಟಕ್ಕೇರಿಸಿದಳು. ಲೈಸೆನ್ಸು ಸಿಕ್ಕಿ ಅವಳಿಗೆ ತಿಂಗಳೂ ಆಗಿರಲಿಲ್ಲ.

"ಕೀಲಿ ಇಲ್ಲಿ ಕೊಡಿ ಖಾಲಾ. ನಾನ್ ಓಡಿಸ್ತೀನಿ."

ಜೆಲಿಗ್ ಹಿಂಬಾಗಿಲಿನಿಂದ ಪಾರಾಗಿದ್ದ. ಅದನ್ನು ಆಗ ನನಗೆ ಹೇಳುವವರು ಯಾರೂ ಇರಲಿಲ್ಲ. ಅವನ ಫೋನು ನಮ್ಮ ಅಡುಗೆಮನೆಯಲ್ಲಿ ಸತ್ತು ಬಿದ್ದಿದೆಯೆಂದು ಗೊತ್ತಿದ್ದೂ ದಾರಿಯುದ್ದಕ್ಕೂ ಅದೇ ನಂಬರು ಒತ್ತುತ್ತಿದ್ದೆ.